ಡಾಕ್ಟರಾಗಲು ಬೇಕಾದ ಇತರ ಚಟುವಟಿಕೆಗಳು

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಬಿ.ಕಾಂ. ಪದವೀಧರೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮೀನಿನ ಅಂಗಡಿಯಲ್ಲಿ ಬಂಗುಡೆಯ ರೇಟು ಕೇಳುವಾಗ ನಡುವೆ ಸೇರಿಸಲು ಸಂದು ಸಿಕ್ಕರೆ ಅಲ್ಲಿಯೂ ಹೇಳುತ್ತೇನೆ. ನಮ್ಮ ಮನೆತನದಲ್ಲಿ ನನಗಿಂತ ಹಿಂದೆ ಕಾಲೇಜಿನ ಮೆಟ್ಟಿಲು ಹತ್ತಿದವರು ಇದ್ದರೆ ಅದು ಮೆಟ್ಟಿಲಿಗೆ ಕಲ್ಲು ಹೊತ್ತವರು ಮಾತ್ರ. ನನ್ನ ತಾಯಿ ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಎಲೆ ಕತ್ತರಿಸಿ ಕೊಡುತ್ತಾ ನಾನು ಪಾಠ ಓದುತ್ತಿದ್ದೆ. ಪಿಯುಸಿ ಮುಗಿಯುವುದಕ್ಕೂ ಮದುವೆಗೂ ನಡುವೆ ಉಸಿರಾಡುವಷ್ಟೂ ಜಾಗ ಇರಲಿಲ್ಲ. ಮದುವೆಯ ಬೆನ್ನಿಗೇ ಕುವೈತ್. ಖೈತಾನಿನ ಒಂದು ಕೋಣೆಯ ಮನೆಯಲ್ಲಿ ಕೂತು ಅಂಚೆ ಶಿಕ್ಷಣದಲ್ಲಿ ಪದವಿಗೆ ಓದಿದೆ. ಬೇರೆ ಹೆಂಗಸರು ರಜೆಯಲ್ಲಿ ಊರಿಗೆ ಹೋಗುತ್ತಿದ್ದದ್ದು ಮದುವೆ ಉಣ್ಣಲು, ನಾನು ಹೋಗುತ್ತಿದ್ದದ್ದು ಪರೀಕ್ಷೆ ಬರೆಯಲು. ಕೊನೆಯ ವರ್ಷ ಪರೀಕ್ಷೆ ಕೋಣೆಯ ಹೊರಗೆ ನನ್ನ ತಾಯಿ ನನ್ನ ಎಳೆಗೂಸನ್ನು ಎತ್ತಿಕೊಂಡು ಕೂತಿದ್ದಳು. ಒಳಗೆ ಕಾಸ್ಟ್ ಅಕೌಂಟಿಂಗ್, ಹೊರಗೆ ಹಸಿದ ಮಗುವಿನ ಅಳು. ಎರಡಕ್ಕೂ ಮೋಸ ಮಾಡದೆ ಪ್ರಥಮ ದರ್ಜೆಯಲ್ಲಿ ಪಾಸಾದೆ.

ಆ ಎಳೆಗೂಸೇ ಹನಾ. ಅವಳಿಗೆ ಡಾಕ್ಟರಾಗಬೇಕು. ಸಣ್ಣವಳಿದ್ದಾಗಿನಿಂದ ಒಂದೇ ಹಟ. ಅವಳ ಉಪ್ಪ, ಅಂದರೆ ನನ್ನ ಯಜಮಾನರು, ಬೀದಿಯ ಮೂಲೆಯಲ್ಲಿ ಸಣ್ಣ ಬಕಾಲಾ, ದಿನಸಿ ಅಂಗಡಿ, ಇಟ್ಟುಕೊಂಡಿದ್ದಾರೆ. ಅಂಗಡಿಗೆ ಬರುವ ಗಿರಾಕಿಗಳ ಕಾಲಿನ ಗಾಯಕ್ಕೆಲ್ಲ ಅವಳು ಬ್ಯಾಂಡೇಜು ಸುತ್ತಿದವಳು. ಗಾಯ ಇಲ್ಲದವರಿಗೂ ಸುತ್ತಿದ್ದುಂಟು.

ಮಾರ್ಕು ಸಿಕ್ಕರೆ ಸೀಟು ಸಿಗುತ್ತದೆ ಎಂದು ನಾನು ತಿಳಿದಿದ್ದೆ. ನಮ್ಮ ಕಾಲದ ಲೆಕ್ಕ ಅದು. ಆದರೆ ಅವಳು ಮನಸ್ಸಿಟ್ಟದ್ದು ಹೊರದೇಶದ ಕಾಲೇಜೊಂದರ ಮೇಲೆ. ಅವರ ಅರ್ಜಿಯಲ್ಲಿ ಮಾರ್ಕಿಗೆ ಸಣ್ಣದೊಂದು ಚೌಕ, ಉಳಿದ ಪುಟವೆಲ್ಲ ಬೇರೆಯೇ ಪ್ರಶ್ನೆ: ಓದುವುದನ್ನು ಬಿಟ್ಟು ನೀನು ಏನೇನು ಮಾಡಿದ್ದೀ? ನನ್ನ ತಾಯಿ ದಿನಾ ಇದೇ ಪ್ರಶ್ನೆ ಕೇಳುತ್ತಿದ್ದಳು, ಕೈಯಲ್ಲಿ ಕೋಲು ಹಿಡಿದುಕೊಂಡು.

ಹಳೆಯ ಕಾಲದ ವೈದ್ಯಗ್ರಂಥಗಳಲ್ಲಿ ವೈದ್ಯನಾಗುವವನು ಹೇಗಿರಬೇಕು ಎಂಬ ವಿವರ ಇದೆಯೆಂದು ಎಲ್ಲೋ ಓದಿದ ನೆನಪು. ಉಗುರು ಕತ್ತರಿಸಿಕೊಂಡಿರಬೇಕು, ಬಿಳಿ ಬಟ್ಟೆ ಉಡಬೇಕು, ಕೈಯಲ್ಲಿ ಕೊಡೆ, ಕೋಲು ಇರಬೇಕು, ಮಾತು ಮೆತ್ತಗಿರಬೇಕು. ಅಷ್ಟೇ. ರೊಬಾಟಿಕ್ಸ್ ಗೊತ್ತಿರಬೇಕೆಂದು ಎಲ್ಲಿಯೂ ಇಲ್ಲ. ಈ ಮರುಭೂಮಿಯಲ್ಲಿ ಕೊಡೆಯೂ ಬೇಡ. ಹಾಗೆ ನೋಡಿದರೆ ಹನಾ ಹತ್ತನೇ ಕ್ಲಾಸಿಗೇ ವೈದ್ಯೆಯಾಗಬಹುದಿತ್ತು.

ಆದರೆ ಕಾಲ ಕೇಳುವುದನ್ನು ಕೊಡಬೇಕು. ನಾನು ಕೆಲಸ ಮಾಡುವುದು ಶಾಲೆಯೊಂದರ ಕಚೇರಿಯಲ್ಲಿ. ಯೋಜನೆ ಹಾಕುವುದು ನನಗೆ ಹೊಸತಲ್ಲ. ಫ್ರಿಜ್ಜಿನ ಬಾಗಿಲಿಗೆ ಚಾರ್ಟು ಅಂಟಿಸಿದೆ. ಶನಿವಾರ ಕೀಬೋರ್ಡು, ಸೋಮವಾರ ಕರಾಟೆ, ಬುಧವಾರ ಭಾಷಣ ಕಲೆ. ಕೀಬೋರ್ಡಿನ ಬಗ್ಗೆ ಮೇಲಿನ ಮನೆಯ ಈಜಿಪ್ಟಿನ ಅಜ್ಜ ವಾಚ್‌ಮನ್ ಹತ್ತಿರ ದೂರು ಕೊಟ್ಟರು. ಕರಾಟೆಯಲ್ಲಿ ಅವಳು ಎದುರಾಳಿಯನ್ನು ಹೊಡೆದು, ಕೂಡಲೇ ಓಡಿಹೋಗಿ ಐಸ್ ತಂದು ಇಟ್ಟಳು. ಹೊಡೆಯುವುದೋ ಉಪಚರಿಸುವುದೋ ಒಂದನ್ನು ತೀರ್ಮಾನಿಸು ಎಂದು ಮೇಷ್ಟ್ರು ಮನೆಗೆ ಕಳಿಸಿದರು. ಇನ್ನು ಡಾಕ್ಟರ ಹಿಂದೆ ನಿಂತು ಕೆಲಸ ನೋಡುವುದಂತೆ, ಅದಕ್ಕೂ ಹೋದಳು. ನಮ್ಮ ಊರಿನ ಕಡೆಯ ಡಾಕ್ಟರೊಬ್ಬರು ಫರ್ವಾನಿಯಾದಲ್ಲಿ ಕ್ಲಿನಿಕ್ ಇಟ್ಟಿದ್ದಾರೆ. ಪಾಪದ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು. ಹನಾ ಹೋದ ದಿನ ಅವರ ಬೆನ್ನ ಹಿಂದೆ ಆಗಲೇ ದಿಬ್ಬಣದಷ್ಟು ಮಕ್ಕಳು ಇದ್ದರಂತೆ. ಜ್ವರದ ರೋಗಿಯೊಬ್ಬ ಒಳಗೆ ಇಣುಕಿ, ಮದುವೆ ಮನೆ ಎಂದುಕೊಂಡು ವಾಪಸು ಹೊರಟಿದ್ದನಂತೆ.

ನನ್ನ ಹದಿನೇಳನೇ ವಯಸ್ಸಿನಲ್ಲಿ ಯಾರಾದರೂ ಇಂಥ ಅರ್ಜಿ ಕೊಟ್ಟಿದ್ದರೆ ಎಂದು ಆಗಾಗ ಯೋಚಿಸುತ್ತೇನೆ. ಸಮುದಾಯ ಸೇವೆ: ಓದು ಬಾರದ ನೆರೆಮನೆಯ ಹೆಂಗಸರಿಗೆ ಗಲ್ಫಿನಿಂದ ಗಂಡ ಬರೆದ ಪತ್ರ ಓದಿ ಹೇಳಿದ್ದು. ಗೌಪ್ಯತೆ ಕಾಪಾಡುವ ಗುಣ: ಆ ಪತ್ರಗಳಲ್ಲಿ ನಾಚಿಕೆಯಾಗುವ ಸಾಲು ಬಂದಾಗ "ಇಲ್ಲಿ ಶಾಯಿ ಚೆಲ್ಲಿದೆ" ಎಂದು ಹಾರಿಸಿದ್ದು. ನಾಯಕತ್ವ: ನಾಲ್ವರು ತಮ್ಮಂದಿರ ತಲೆ ಬಾಚಿ ಮದರಸಕ್ಕೆ ಓಡಿಸಿದ್ದು. ಹನಾಳಿಗೆ ಇದನ್ನೆಲ್ಲ ಹೇಳಿದಾಗ ಅವಳು ನಕ್ಕು, "ಉಮ್ಮಾ, ಯು ವುಡ್ ಹ್ಯಾವ್ ಗಾಟ್ ಇನ್" ಎಂದಳು. ಸೀಟು ಸಿಗುತ್ತಿತ್ತು ಎಂದೇ ನನ್ನ ನಂಬಿಕೆ ಕೂಡ.

ಕೊನೆಗೆ ಅವಳದೇ ಎನ್ನುವ ಒಂದು ಕೆಲಸ ಸಿಕ್ಕಿತು. ನಮ್ಮ ಊರಿನವರ ಸಂಘ ವರ್ಷ ವರ್ಷ ರಕ್ತದಾನ ಶಿಬಿರ ಮಾಡುತ್ತದೆ. ಆ ಸಲ ಅದರ ಉಸ್ತುವಾರಿಯನ್ನು ಹನಾಳಿಗೆ ವಹಿಸಿದರು. ಅರ್ಜಿ ಕಳಿಸಲು ಉಳಿದದ್ದು ಕೆಲವೇ ದಿನ. "ರಕ್ತದಾನ ಶಿಬಿರವೊಂದನ್ನು ಯಶಸ್ವಿಯಾಗಿ ನಡೆಸಿದ್ದೇನೆ" ಎಂಬ ಸಾಲನ್ನು ನಾನು ಶಿಬಿರಕ್ಕೆ ಮೊದಲೇ ಚಂದದ ಇಂಗ್ಲಿಷಿನಲ್ಲಿ ಬರೆದಿಟ್ಟೆ.

"ಉಮ್ಮಾ, ಇನ್ನೂ ಆಗಲೇ ಇಲ್ಲ ಅದು," ಎಂದಳು.

"ಆಗ್ತದೆ ಮಾರಾಯ್ತಿ. ಬರೆದಿಟ್ಟರೆ ಎಂತ ಹೋಯ್ತು?"

"ಆಗದಿದ್ರೆ ನಾನು ಇದನ್ನು ಹಾಕುವುದಿಲ್ಲ. ಪ್ರಾಮಿಸ್."

ಅವಳ ಅರ್ಜಿಯಲ್ಲಿ ಅದೊಂದೇ ಗಟ್ಟಿ ಸಾಲು. ಉಳಿದದ್ದೆಲ್ಲ ಕೀಬೋರ್ಡು ಮತ್ತು ಐಸ್.

ಶುಕ್ರವಾರ ಬೆಳಿಗ್ಗೆ ಸಭಾಭವನದಲ್ಲಿ ರಕ್ತನಿಧಿಯವರು ಬಂದು ಮಂಚಗಳನ್ನು ಹಾಕಿದರು. ಸ್ವಯಂಸೇವಕರು ಬಂದರು. ಎಂಥಾ ಸ್ವಯಂಸೇವಕರು ಅಂತೀರಿ. ಊರಿನವರ ಮನೆಗಳ ಪಿಯುಸಿ ಮಕ್ಕಳೆಲ್ಲ ಬಿಳಿ ಟೀ ಶರ್ಟು ಹಾಕಿಕೊಂಡು ಇಳಿದರು. ಎಲ್ಲರಿಗೂ ಅರ್ಜಿ ಇದೆ, ಎಲ್ಲರಿಗೂ ಸೇವೆ ಬೇಕು. ಹೆಸರು ಬರೆದುಕೊಳ್ಳಲು ಒಂದು ಗುಂಪು, ಜ್ಯೂಸು ಹಂಚಲು ಒಂದು ಗುಂಪು, ಜ್ಯೂಸು ಹಂಚುವವರ ಫೋಟೋ ತೆಗೆಯಲು ಇನ್ನೊಂದು ಗುಂಪು. ರಕ್ತ ಕೊಡುವವರು ಮಾತ್ರ ಇಲ್ಲ. ವಿಚಾರಿಸಿದರೆ ತಿಳಿಯಿತು: ಹಿಂದಿನ ವಾರವಷ್ಟೇ ನಮ್ಮವರದೇ ಇನ್ನೊಂದು ಸಂಘ, ನಮಗಿಂತ ಮೊದಲು ಮಾಡಿಬಿಡೋಣ ಎಂದು ಶಿಬಿರ ನಡೆಸಿ, ಖೈತಾನ್, ಫರ್ವಾನಿಯಾದ ಅಂಗಡಿಗಳ ಹುಡುಗರ ರಕ್ತವನ್ನೆಲ್ಲ ಪಡೆದಾಗಿತ್ತು. ಒಮ್ಮೆ ಕೊಟ್ಟವರು ಮತ್ತೆ ಕೊಡಲು ತಿಂಗಳುಗಟ್ಟಲೆ ಕಾಯಬೇಕು. ಹನಾಳ ಉಪ್ಪನೂ ಅಲ್ಲೇ ಕೊಟ್ಟು ಬಿರಿಯಾನಿ ಉಂಡು ಬಂದಿದ್ದರು. ಹನಾಳಿಗೂ ಅವಳ ಗೆಳೆಯರಿಗೂ ಹದಿನೆಂಟು ತುಂಬಿಲ್ಲ, ಅವರ ರಕ್ತವನ್ನು ಮುಟ್ಟುವುದಿಲ್ಲ. ರಕ್ತನಿಧಿಯ ಈಜಿಪ್ಟಿನ ತಂತ್ರಜ್ಞ ಖಾಲಿ ಮಂಚಗಳನ್ನು ನೋಡಿ, ಗಡಿಯಾರ ನೋಡಿ, "ಖಲಾಸ್?" ಎಂದು ಕೇಳಿದ. ನಮಾಜಿನ ಹೊತ್ತಿಗೆ ಗಂಟುಮೂಟೆ ಕಟ್ಟುವ ಅಂದಾಜು ಅವನದು.

ಇದೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ. ನಾನೆಲ್ಲಿದ್ದೆ ಎಂದರೆ ಹೊರಗೆ, ಕಾರಿನಲ್ಲಿ. ನಾನೊಬ್ಬಳೇ ಅಲ್ಲ. ಮಕ್ಕಳನ್ನು ಬಿಡಲು ಬಂದ ತಾಯ್ತಂದೆಯರೆಲ್ಲ ಸಾಲಾಗಿ ಕಾರು ನಿಲ್ಲಿಸಿ, ಎಸಿ ಹಾಕಿ, ಸೀಟು ಹಿಂದಕ್ಕೆ ಮಾಡಿ ಒರಗಿದ್ದರು. ಮಕ್ಕಳು ಒಳಗೆ ಸಮಾಜಸೇವೆ ಮಾಡುತ್ತಿದ್ದಾರೆ, ಮುಗಿದ ಮೇಲೆ ಕರೆದುಕೊಂಡು ಹೋಗುವುದು. ಎಲ್ಲರಿಗೂ ಆರೋಗ್ಯ ಇದೆ, ಎಲ್ಲರ ಮೈಯಲ್ಲೂ ಬೇಕಾದಷ್ಟು ರಕ್ತ ಇದೆ. ಅದು ಹೊಳೆದದ್ದು ಹನಾ ಒಬ್ಬಳಿಗೇ.

ಅವಳು ಮೊದಲು ತಟ್ಟಿದ್ದು ನನ್ನ ಕಿಟಕಿಯನ್ನು.

"ಇಳಿ ಉಮ್ಮಾ. ರಕ್ತ ಕೊಡು."

"ನನಗೆ ಹಿಮೋಗ್ಲೋಬಿನ್ ಕಡಿಮೆ."

"ಯಾರು ಹೇಳಿದ್ದು?"

"ಯಾಕೆ ಹೇಳಬೇಕು? ನನಗೇ ಗೊತ್ತಾಗ್ತದೆ."

"ಬಿ.ಕಾಂ.ನಲ್ಲಿ ಹೇಳಿಕೊಟ್ರಾ?"

ಮಗಳಾದರೂ ಹೀಗೆ ಮರ್ಮಕ್ಕೆ ಹೊಡೆಯಬಾರದು. ನಿಜ ಹೇಳಬೇಕೆಂದರೆ ನನಗೆ ಸೂಜಿಯ ಭಯ. ಪರೀಕ್ಷೆಗೆ ಹೆದರಲಿಲ್ಲ, ವಿಮಾನಕ್ಕೆ ಹೆದರಲಿಲ್ಲ, ಹೆರಿಗೆಗೂ ಹೆದರಲಿಲ್ಲ, ಆದರೆ ಸೂಜಿ ಕಂಡರೆ ಕಾಲು ಹಿಂದಕ್ಕೆ ಹೋಗುತ್ತದೆ. ಅವಳು ಅಳಲಿಲ್ಲ, ಬೇಡಲಿಲ್ಲ, ಬಾಗಿಲು ತೆರೆದು ಹಿಡಿದುಕೊಂಡು ನಿಂತಳು. ಹೊರಗಿನ ಬಿಸಿಗಾಳಿ ಒಳಗೆ ನುಗ್ಗಿತು. ಅವಳ ಮುಖ ನೋಡಿದೆ. ಆ ಸಾಲು ಅರ್ಜಿಗೆ ಹೋಗುವುದು ಬಿಡುವುದು ಈಗ ನನ್ನ ತೋಳಿನಲ್ಲಿದೆ ಎಂದು ಅರ್ಥವಾಯಿತು. ಇಳಿದೆ.

ನಾನು ಒಳಗೆ ಹೋದ ಮೇಲೆ ಅವಳು ಉಳಿದ ಕಿಟಕಿಗಳಿಗೆ ಹೋದಳಂತೆ. ನಮ್ಮ ಮನೆಮಾತು ಬ್ಯಾರಿ, ಪಕ್ಕದ ಕಾರಿನವರದು ಕೊಂಕಣಿ, ಸಂಘದಲ್ಲಿ ಎಲ್ಲರಿಗೂ ಕನ್ನಡ. ಹನಾಳಿಗೆ ಎಲ್ಲವೂ ಕೇಳಿದರೆ ತಿಳಿಯುತ್ತದೆ, ಹೊರಗಿನವರಿಗೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೆ ಇಂಗ್ಲಿಷಿನಲ್ಲಿ ರಕ್ತ ಕೇಳಿದರೆ ಯಾರು ಕೊಡುತ್ತಾರೆ? ಅವಳು ಕನ್ನಡಕ್ಕೆ ಇಳಿದಳು. ಮನೆಯಲ್ಲಿ ನಾನು ಅವಳಿಗೆ ಹೇಳುವ ಏಕವಚನದ ಧಾಟಿ ಬಿಟ್ಟರೆ ಬೇರೆ ಧಾಟಿ ಅವಳಿಗೆ ಗೊತ್ತಿಲ್ಲ.

ಪಕ್ಕದ ದೊಡ್ಡ ಕಾರಿನಲ್ಲಿ ಇದ್ದದ್ದು ವಲೇರಿಯನ್. ಹಿಂದಿನ ವರ್ಷದ ಶಿಬಿರದಲ್ಲಿ ರಕ್ತದಾನದ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದವರು ಇವರೇ. ಕಿಟಕಿಯ ಗಾಜು ಅರ್ಧ ಇಳಿಯಿತು.

"ಅಂಕಲ್, ಇಳಿ. ಬಾ," ಎಂದಳು ಹನಾ.

ವಲೇರಿಯನ್ ಸುತ್ತ ನೋಡಿದರು. "ನಾನು ಬೆಳಿಗ್ಗೆ ಎಂತದೂ ತಿನ್ನಲಿಲ್ಲ ಪುಟ್ಟಾ. ಹೊಟ್ಟೆ ಖಾಲಿ ಇಟ್ಟುಕೊಂಡು ಕೊಡಬಾರದು ಅಲ್ವಾ?"

ಅವಳು ಟೀ ಶರ್ಟಿನ ಗುಂಪಿಗೆ ಕೈ ಬೀಸಿದಳು. ಹಂಚಲು ಜನ ಸಿಗದೆ ಒದ್ದಾಡುತ್ತಿದ್ದ ಮಕ್ಕಳು ಬನ್ನು, ಬಾಳೆಹಣ್ಣು, ಜ್ಯೂಸು ಹಿಡಿದು ಓಡಿಬಂದರು. ಎಲ್ಲರಿಗಿಂತ ಮುಂದೆ ಓಡಿ ಬಂದವನು ವಲೇರಿಯನ್ನರ ಮಗನೇ.

"ತಿನ್ನು ಅಂಕಲ್. ತಿಂದು ಬಾ. ನನ್ನ ಉಮ್ಮ ಒಳಗೆ ಹೋಗಿ ಆಯ್ತು."

"ನಿನ್ನ ಉಮ್ಮನಾ?" ವಲೇರಿಯನ್ ಗಾಜು ಪೂರ್ತಿ ಇಳಿಸಿದರು. "ಹೋದ ವರ್ಷ ಸೂಜಿ ಕಂಡು ಬಾತ್‌ರೂಮಿಗೆ ಓಡಿದ್ದು ಅವರೇ ಅಲ್ವಾ? ಅವರು ಕೊಡ್ತಾರಾದ್ರೆ ನಾನು ಕೂತುಕೊಳ್ಳುವುದು ಮರ್ಯಾದೆಯಲ್ಲ."

ಹೀಗೆ ನನ್ನ ಹೇಡಿತನವೂ ಒಂದು ಉಪಯೋಗಕ್ಕೆ ಬಿತ್ತು.

ಒಳಗೆ ಕೇರಳದ ಸಿಸ್ಟರ್ ನನ್ನ ಬೆರಳು ಚುಚ್ಚಿ ಪರೀಕ್ಷಿಸಿ, "ಹಿಮೋಗ್ಲೋಬಿನ್ ಫಸ್ಟ್ ಕ್ಲಾಸ್ ಅಲ್ವಾ ಚೇಚಿ" ಎಂದರು. ಬದುಕಿನಲ್ಲಿ ಎರಡನೇ ಸಲ ಸಿಕ್ಕಿದ ಪ್ರಥಮ ದರ್ಜೆ. ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಎಡಕ್ಕೆ ವಲೇರಿಯನ್, ಬಾಯಲ್ಲಿ ಇನ್ನೂ ಬನ್ನಿನ ತುಂಡು. ಬಲಕ್ಕೆ ಯಾರದೋ ತಾಯಿ, ಅವರಾಚೆ ಯಾರದೋ ತಂದೆ. ವರ್ಷಗಟ್ಟಲೆ ಮಕ್ಕಳನ್ನು ಕ್ಲಾಸಿನಿಂದ ಕ್ಲಾಸಿಗೆ ಸಾಗಿಸಿದ ಚಾಲಕರೆಲ್ಲ ಸಾಲಾಗಿ ಅಂಗಾತ ಮಲಗಿದ್ದೆವು. ಮಕ್ಕಳು ಪಕ್ಕದಲ್ಲಿ ನಿಂತು "ಮುಷ್ಟಿ ಬಿಗಿ, ಬಿಡು, ಬಿಗಿ" ಎಂದು ನಮಗೆ ಅಭ್ಯಾಸ ಮಾಡಿಸುತ್ತಿದ್ದರು. ಹನಾ ಓಡಾಡುತ್ತಾ ನನ್ನ ಮಂಚದ ಹತ್ತಿರ ಒಂದು ಕ್ಷಣ ನಿಂತು, ಹಣೆಯ ಮೇಲೆ ಕೈಯಿಟ್ಟು, ರಕ್ತದ ಚೀಲ ನೋಡಿ, ಮುಂದಿನ ಮಂಚಕ್ಕೆ ಹೋದಳು. ಆ ಕೈ ಮಗಳದ್ದಾಗಿರಲಿಲ್ಲ, ಡಾಕ್ಟರದ್ದಾಗಿತ್ತು. ಈಜಿಪ್ಟಿನ ತಂತ್ರಜ್ಞ "ಯಲ್ಲಾ, ಯಲ್ಲಾ" ಎನ್ನುತ್ತಾ ಹೊಸ ಚೀಲಗಳನ್ನು ತರಲು ವ್ಯಾನಿಗೆ ಓಡಿದ. ನಮಾಜಿನ ನಂತರವೂ ಮಂಚಗಳು ಖಾಲಿಯಾಗಲಿಲ್ಲ.

ಸಾಲು ಅರ್ಜಿಗೆ ಹೋಯಿತು. ನಾನು ಬರೆದ ಚಂದದ ಇಂಗ್ಲಿಷನ್ನು ಅವಳು ಅಳಿಸಿ ತನ್ನದನ್ನು ಬರೆದಳು. "ಕೊಡುವವರು ಬರಲಿಲ್ಲ, ಕಾರುಗಳಲ್ಲಿ ಇದ್ದವರನ್ನು ಕೇಳಿದೆ." ಇಷ್ಟೇ. ಇದನ್ನು ಓದಿ ಯಾರು ಸೀಟು ಕೊಡುತ್ತಾರೆ ಎಂದು ನಾನು ಎರಡು ದಿನ ಮಾತು ಬಿಟ್ಟೆ.

ಕರೆ ಬಂತು. ಸಂದರ್ಶನ ಕಂಪ್ಯೂಟರಿನಲ್ಲಿ, ನಮ್ಮ ಮಲಗುವ ಕೋಣೆಯಲ್ಲಿ. ನಾನು ಬಾಗಿಲ ಹೊರಗೆ ಕಿವಿಯಿಟ್ಟು ನಿಂತಿದ್ದೆ. ಪದವೀಧರೆಯರು ಹಾಗೆ ಮಾಡಬಾರದು, ತಾಯಂದಿರು ಮಾಡುತ್ತಾರೆ. ಒಳಗಿನಿಂದ ಗಂಭೀರ ಗಂಡು ಸ್ವರವೊಂದು, ಆ ದಿನ ಒಪ್ಪಿಸಲು ಎಲ್ಲರಿಗಿಂತ ಕಷ್ಟವಾದದ್ದು ಯಾರನ್ನು ಎಂದು ಕೇಳಿತು. ಹನಾ ಯೋಚಿಸಲೂ ಇಲ್ಲ.

"ಮೈ ಮದರ್," ಎಂದಳು.

ಆ ಕಡೆ ಹಲವರು ನಕ್ಕರು. ನನ್ನ ಸೂಜಿ, ನನ್ನ ಹಿಮೋಗ್ಲೋಬಿನ್, ನನ್ನ ಬಿ.ಕಾಂ., ಎಲ್ಲವನ್ನೂ ಅವಳು ಒಂದೊಂದಾಗಿ ಅವರಿಗೆ ಹೇಳಿದಳು. ಬಾಗಿಲ ಹೊರಗೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಕ್ಕಳ ಅರ್ಜಿಯೊಳಗೆ ನಮಗೆ ಸಿಗುವ ಜಾಗ ಬಹುಶಃ ಇದೊಂದೇ: ಅವರು ಬೆವರು ಸುರಿಸಿ ಒಪ್ಪಿಸಬೇಕಾದ ಹಟಮಾರಿ ಜನರಲ್ಲಿ ನಾವು ಮೊದಲಿಗರು.

ಸೀಟು ಸಿಕ್ಕಿದೆ. ಸೆಪ್ಟೆಂಬರಿಗೆ ಹೊರಡುತ್ತಾಳೆ. ನಮ್ಮ ಮನೆತನದಿಂದ ಮೆಡಿಕಲ್ ಕಾಲೇಜಿನ ಹಿರಿಯರ ಮುಂದೆ ಹೋದ ಮೊದಲ ಹೆಸರು ಅವಳದು. ಎರಡನೆಯದು, ನಗೆಪಾಟಲಿಗಾದರೂ ಸರಿ, ನನ್ನದು. ಇದನ್ನೂ ಈಗ ಮೀನಿನ ಅಂಗಡಿಯಲ್ಲಿ ಹೇಳುತ್ತಿದ್ದೇನೆ.