ಹತ್ತು ಮಂದಿಗೆ ಹತ್ತು ಮಂದಿ

ನಮ್ಮ ಗೋಗಿಯ ಹೊಲಗಳಿಗೆ ಕಾಲುವೆ ನೀರು ಬಂದ ಮೇಲಿನ ಮಾತು. ನಮ್ಮ ಊರ ಫುಟ್‌ಬಾಲ್ ತಂಡದ ಯಜಮಾನಿಕೆ ಆಗ ನನ್ನದು. ಆಡುವವರೆಲ್ಲ ಹೊಲದವರು, ಕೂಲಿಯವರು. ಆಟದ ನಡುವೆ ಯಾರದಾದರೂ ನೀರಿನ ಪಾಳಿ ಬಂದರೆ ಅವರ ಮನೆಯವರು ಕಾಲುವೆ ಏರಿಯ ಮೇಲೆ ನಿಂತು ಟವೆಲ್ ಬೀಸುತ್ತಿದ್ದರು. ಅವನು ಚೆಂಡು ಬಿಟ್ಟು ಹೊಲಕ್ಕೆ ಓಡುತ್ತಿದ್ದ. ಆಗ ಎದುರಿನ ತಂಡದವರೂ ತಮ್ಮವನೊಬ್ಬನನ್ನು ಹೊರಗೆ ಕೂರಿಸಬೇಕು. ಹತ್ತು ಮಂದಿಗೆ ಹತ್ತು ಮಂದಿ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿರಲೂ ಇಲ್ಲ.

ಕಡೇಚೂರಿನ ಕಡೆ ಕಾರ್ಖಾನೆಗೆ ಜಾಗ ನೋಡಲು ಹೊರದೇಶದ ಇಬ್ಬರು ಸಾಹುಕಾರರು ಬಂದಿದ್ದರು. ಅವರ ಜೊತೆಗಿದ್ದ ದಲ್ಲಾಳಿ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದ.

"ಇವರಿಗೆ ಅವರ ದೇಶದಾಗ ಒಂದು ಫುಟ್‌ಬಾಲ್ ಕ್ಲಬ್ ಅದರಿ. ಇಲ್ಲೂ ಒಂದು ಟೀಮ್ ಖರೀದಿ ಮಾಡೋ ಶೋಕಿ. ನಿಮ್ಮ ಆಟ ಪಸಂದ ಬಿದ್ರ ಎಲ್ಲಾರಿಗೂ ಪಗಾರ, ಬೂಟು, ಯಾದಗಿರಿಯಾಗ ಹೊಸಾ ಮೈದಾನ."

ಬರಿಗಾಲಲ್ಲಿ ಆಡಿ ಉಗುರು ಕಳೆದುಕೊಂಡವನು ನಾನು. ನಮ್ಮವರು ಆಡಿಯೇ ಹೊಟ್ಟೆ ಹೊರೆಯಬಹುದು ಎಂದರೆ ತಲೆ ನೆಟ್ಟಗಿರುತ್ತದೆಯೇ? ಹತ್ತಿರದ ಊರಾದ ವನದುರ್ಗದವರನ್ನು ಆಟಕ್ಕೆ ಕರೆದೆ. ಶಾಲೆಯಿಂದ ಕುರ್ಚಿ ತಂದು ಸಾಹುಕಾರರನ್ನು ಕೂರಿಸಿದೆ.

ಎರಡೂ ಕಡೆ ಒಂದೊಂದು ಗೋಲು ಆಗಿತ್ತು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಏರಿಯ ಮೇಲೆ ಟವೆಲ್ ಹಾರಾಡಿತು. ಬೀಸುತ್ತಿದ್ದವಳು ನನ್ನ ಚಿಕ್ಕಪ್ಪನ ಮಗನ ಹೆಂಡತಿ. ಅವನೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು. ವನದುರ್ಗದ ನಾಯಕ ಅದನ್ನು ಕಂಡವನೇ ತನ್ನ ಒಬ್ಬನನ್ನು ಹೊರಗೆ ಕಳಿಸಿದ. ನಾನು ತಮ್ಮನ ರಟ್ಟೆ ಹಿಡಿದೆ.

"ಅಣ್ಣಾ, ಪಾಳಿ ಬಂದದ."

"ಇವತ್ತೊಂದಿನ ನಿಲ್ಲು. ಅವರು ನೋಡಾಕತ್ತಾರ. ನೀರು ನಿನ್ನ ಹೆಂಡ್ತಿ ಹಾಯಿಸ್ತಾಳ."

ಅವನು ಏರಿಯ ಕಡೆ ನೋಡಿದ, ನನ್ನ ಮುಖ ನೋಡಿದ. ನನ್ನ ಮಾತು ಎಂದೂ ತೆಗೆದುಹಾಕಿದವನಲ್ಲ. ನಿಂತ. ವನದುರ್ಗದವರು ಅವನು ಹೋಗಲಿ ಎಂದು ಕಾಯುತ್ತಿರುವಾಗಲೇ ನಾನು ಚೆಂಡು ಒದೆಯಲು ಹೇಳಿದೆ. ಅವರ ಹತ್ತು ಮಂದಿಯ ಎದುರು ನಾವು ಹನ್ನೊಂದು ಮಂದಿ ಆಡಿದೆವು. ತಮ್ಮನೇ ಗೋಲು ಹೊಡೆದ. ಸಾಹುಕಾರರು ಎದ್ದು ಚಪ್ಪಾಳೆ ತಟ್ಟಿದರು.

ಆಟ ಮುಗಿದೊಡನೆ ತಮ್ಮ ಯಾರ ಕೈಗೂ ಸಿಗದೆ ಹೊಲಕ್ಕೆ ಓಡಿದ. ಅಷ್ಟರಲ್ಲಿ ಪಾಳಿ ಮುಗಿದು ನೀರು ಮುಂದಿನ ಹೊಲಕ್ಕೆ ಹೋಗಿತ್ತು. ಅವನ ಹೆಂಡತಿ ಒಬ್ಬಳೇ ಸಲಿಕೆ ಹಿಡಿದು ಭತ್ತದ ಹೊಲದ ಅರ್ಧಕ್ಕಷ್ಟೇ ನೀರು ಕೊಟ್ಟಿದ್ದಳು.

ವನದುರ್ಗದ ನಾಯಕ ನನ್ನ ಬಳಿ ಬಂದ. "ಗೆದ್ರಿ ಬಿಡ್ರಿ, ಅಣ್ಣಾರ" ಎಂದವನು ಚಹಾ ಸಹ ಕುಡಿಯದೆ ತನ್ನವರನ್ನು ಕರೆದುಕೊಂಡು ಹೋದ. ನನಗೆ ಆಗಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ದಲ್ಲಾಳಿ ಟೀಮ್ ಕೊಡುತ್ತೀರಾ ಎಂದು ಕೇಳಿದಾಗ, ಯಾರನ್ನೂ ಕೇಳದೆ ಹೂಂ ಅಂದುಬಿಟ್ಟೆ.

ಸಾಹುಕಾರರು ಮತ್ತೆ ಬರಲಿಲ್ಲ. ಬೇರೆ ರಾಜ್ಯದಲ್ಲಿ ಜಾಗ ಸಿಕ್ಕಿತಂತೆ. ಅವರನ್ನು ನಾನು ಬೈಯುವುದಿಲ್ಲ, ನೋಡಲು ಬಂದಿದ್ದರು, ನೋಡಿ ಹೋದರು.

ಮುಂದಿನ ಬೆಳೆಯ ಹೊತ್ತಿಗೆ ನಾನು ಬಹಳ ಕೇಳಿಕೊಂಡ ಮೇಲೆ ವನದುರ್ಗದವರು ಮತ್ತೆ ಆಡಲು ಬಂದರು. ಆವತ್ತೂ ತಮ್ಮನ ಪಾಳಿ ಬಂತು. ಈ ಸಲ ಅವನು ನನ್ನ ಕಡೆ ತಿರುಗಿ ಸಹ ನೋಡದೆ ಓಡಿದ. ನಾನು ವನದುರ್ಗದ ನಾಯಕನನ್ನು ನೋಡಿದೆ. ಅವನು ಕಣ್ಣು ತಪ್ಪಿಸಲಿಲ್ಲ. ಅವರ ಹನ್ನೊಂದು ಮಂದಿಯಲ್ಲಿ ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ.

"ಅವರನ್ನ ಕೇಳ್ರಿ ಅಣ್ಣಾರ, ಅವರಾಗ ಒಬ್ಬಂವ ಹೊರಗ ಹೋಗ್ಬೇಕಲ್ಲ?" ಎಂದರು ನಮ್ಮವರು.

ಕೇಳಲು ನನಗೆ ಬಾಯಿ ಇರಲಿಲ್ಲ. "ಆಡ್ರಿ" ಎಂದೆ.