ಕಾಕಾನ ಸೈಕಲ್ಲಿಗೆ ಹಾಕಿದ ಹಾರ

ಹಾರ ಕಿತ್ತು ನೆಲಕ್ಕೆ ಒಗೆದೆ. ಕೂತವರೆಲ್ಲ ಎದ್ದು ನಿಂತರು. ನಮ್ಮೂರು ಟಿಕೋಟದಲ್ಲಿ ನನ್ನ ಕಾಕಾನ ಶ್ರದ್ಧಾಂಜಲಿ ಸಭೆ ನಡೆದಿತ್ತು. ವೇದಿಕೆಯ ಮೇಲೆ ಅವನ ಫೋಟೊ, ಪಕ್ಕದಲ್ಲಿ ಅವನ ರೇಸ್ ಸೈಕಲ್. ಅದನ್ನು ತೊಳೆದು, ಚೈನಿಗೆ ಹೊಸ ಎಣ್ಣೆ ಬಿಟ್ಟು, ಚೆಂಡು ಹೂವಿನ ಹಾರ ಹಾಕಿದ್ದರು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಜಯಪುರದ ಗಾಂಧಿ ಚೌಕದ ಹಿಂದಿನ ನಮ್ಮ ಮನೆ ಕಣ್ಣ ಮುಂದೆ ಬಂತು. ಈಗ ಆ ಮನೆ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಇದೆ.

ಆ ಮನೆಯ ಬಾಗಿಲು ತೆಗೆದರೆ ಮೊದಲು ಇದೇ ವಾಸನೆ. ಪಡಸಾಲೆಯಲ್ಲಿ ಸೈಕಲ್, ಅದರ ಬುಡದಲ್ಲಿ ನನ್ನ ಹಾಸಿಗೆ. ಅಪ್ಪ ಅವ್ವ ಟಿಕೋಟದಲ್ಲಿ ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಿದ್ದರು. ನಾನು ಶಾಲೆ ಕಲಿಯಲಿ ಎಂದು ವಿಜಯಪುರದಲ್ಲಿ ಕಾಕಾನ ಹತ್ತಿರ ಬಿಟ್ಟಿದ್ದರು. ಕಲಿಯಲಿಲ್ಲ, ಅದು ಬೇರೆ ಮಾತು. ಒಳಗೆ ಕಾಕಾನ ಹೆಂಡತಿ, ನನ್ನ ಕಾಕು, ರೊಟ್ಟಿ ಬಡಿದು ಮುಗಿಸಿ, ಅದೇ ಒಲೆಯ ಮೇಲೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸುತ್ತಿದ್ದಳು, ಕಾಕಾನ ಕಾಲಿಗೆ ತಿಕ್ಕಲು. ಕಾಲೇಜಿನಲ್ಲಿ ಸೈಕಲ್ ರೇಸ್ ಗೆದ್ದದ್ದಕ್ಕೇ ಅವನಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು. ಓಣಿ ಓಣಿಗೆ ನೀರು ಬಿಡುವ ಕೆಲಸ. ಸಂಜೆ ಬಂದು ಓಣಿಯ ಹುಡುಗರಿಗೆ ಸೈಕಲ್ ಕಲಿಸುತ್ತಿದ್ದ. ಒಮ್ಮೆ ಒಬ್ಬ ಪುಢಾರಿ ತನ್ನ ಮನೆಯ ಕಾರ್ಯಕ್ಕೆ ಪಾಳಿ ಬಿಟ್ಟು ನೀರು ಕೇಳಿದ. "ಪಾಳಿ ಬಂದಾಗ ಬಿಡ್ತೀನ್ರಿ" ಅಂದ ಕಾಕಾ. ಆ ತಿಂಗಳೇ ಅವನನ್ನು ಬಬಲೇಶ್ವರದ ಪಂಪ್‌ಹೌಸಿಗೆ ಎತ್ತಿ ಹಾಕಿದರು. ದಿನಾ ಸೈಕಲ್ ಮೇಲೆ ಹೋಗಿ ಬಂದು ಮಾಡಿದ. ಹುಡುಗರಿಗೆ ಕಲಿಸುವುದು ನಿಂತಿತು.

ವರ್ಷಕ್ಕೊಮ್ಮೆ ಸರ್ಕಾರಿ ನೌಕರರ ಕ್ರೀಡಾಕೂಟ. ಅದರ ಮುಂಚೆ ಕಾಕಾನ ಇಲಾಖೆಯ ಸಾಹೇಬ ತಾನಾಗಿ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಿದ್ದ. "ಈ ಸಲ ಕಪ್ ತಂದು ಕೊಡ್ರಿ. ನಿಮ್ಮನ್ನ ವಾಪಸ್ ವಿಜಯಪುರಕ್ಕ ತರಸ್ತೀನಿ." ಕಾಕಾ ಗೆದ್ದು ತರುತ್ತಿದ್ದ. ಕಪ್ ಸಾಹೇಬನ ಕೋಣೆ ಸೇರುತ್ತಿತ್ತು. ಕಾಕಾ ಮತ್ತೆ ಬಬಲೇಶ್ವರದ ದಾರಿ ಹಿಡಿಯುತ್ತಿದ್ದ. ಮರುವರ್ಷ ಮತ್ತೆ ಚಹಾ.

"ವಾಪಸ್ ವರ್ಗಾ ಆದ ಮ್ಯಾಲ ನೀವು ಅವನ ಕಪ್ಪಿಗೆ ಯಾತಕ್ಕ ಇಷ್ಟು ತುಳೀತೀರಿ? ಅದಕ್ಕ ಅಂವ ವರ್ಗಾ ಮಾಡವಲ್ಲ" ಅಂದಳು ಕಾಕು.

"ಏ ಹುಚ್ಚಿ, ದೊಡ್ಡ ಮನಶ್ಯಾ ಮಾತು ಕೊಟ್ಟಾನ."

"ನಿಮಗಿಂತ ಈ ಸೈಕಲ್ಲಿಗೆ ಬುದ್ಧಿ ಐತಿ. ಬ್ರೇಕ್ ಹಿಡಿದ್ರ ನಿಲ್ತೈತಿ."

ಕಾಕಾ ನಕ್ಕ. ನಗುವುದೊಂದು ಬರುತ್ತಿತ್ತು ಅವನಿಗೆ. ಕೊನೆಯ ಸಲ ಅವನ ಮೊಣಕಾಲು ಕಲ್ಲಂಗಡಿಯಂತೆ ಊದಿತ್ತು. ಕಾಕು ಎಣ್ಣೆ ಕಾಯಿಸಲಿಲ್ಲ, ಆಗಲಾದರೂ ಹೋಗಲಿಕ್ಕಿಲ್ಲ ಎಂದು. ಅರಿವೆ ಬಿಗಿದುಕೊಂಡು ಹೋದ. ಗೆದ್ದ. ಸೀಟಿನಿಂದ ಇಳಿಯಲು ಆಗಲಿಲ್ಲ, ಹಿಡಿದು ಇಳಿಸಿದರು. ಸಾಹೇಬ ಕಪ್ ಹಿಡಿದು ಫೋಟೊ ತೆಗೆಸಿಕೊಂಡ. ಆ ಕಾಲು ಮತ್ತೆ ಮಡಚಲಿಲ್ಲ. ಸೈಕಲ್ ಟಿಕೋಟದ ನಮ್ಮ ಅಪ್ಪನ ಮನೆಗೆ ಬಂತು, ಕಾಕಾ ಬಸ್ಸಿಗೆ ಜೋತುಬಿದ್ದು ಬಬಲೇಶ್ವರಕ್ಕೆ ಹೋಗುತ್ತಲೇ ಇದ್ದ. ಆ ನೌಕರಿಯಲ್ಲಿದ್ದಾಗಲೇ ಸತ್ತ.

ಈಗ ಅದೇ ಸಾಹೇಬ ಮೈಕ್ ಹಿಡಿದು, "ಇವರು ನಮ್ಮ ಇಲಾಖೆಯ ಹೆಮ್ಮೆ. ಈ ಸೈಕಲ್ಲನ್ನ ವಿಜಯಪುರದ ನಮ್ಮ ಆಫೀಸಿನ್ಯಾಗ ಇಡ್ತೀವ್ರಿ" ಅಂದ. ಜನ ಚಪ್ಪಾಳೆ ತಟ್ಟಿದರು. ಕಾಕಾನಿಗೆ ಸಿಗದ ವರ್ಗಾವಣೆ ಸೈಕಲ್ಲಿಗೆ ಸಿಕ್ಕಿತ್ತು. ಹಾರ ಕಿತ್ತದ್ದು ಆಗ.

"ಲೇ ತಮ್ಮಾ, ಸಿಟ್ಟ್ಯಾಕೋ? ಗೌರವ ಮಾಡಾಕತ್ತೇವಿ" ಅಂದ ಸಾಹೇಬ.

"ಬದುಕಿದ್ದಾಗ ಮಾಡಬೇಕಿತ್ತು" ಅಂದೆ.

ಮುಂದಿನ ಸಾಲಿನಿಂದ ಕಾಕು ವೇದಿಕೆಯ ಹತ್ತಿರ ಬಂದಳು. "ತಗೊಂಡ್ ನಡಿ, ಯಪ್ಪಾ."

ಸೈಕಲ್ ವೇದಿಕೆಯಿಂದ ಇಳಿಸಿಕೊಂಡೆ. ಹತ್ತಿ ಹೋಗಬೇಕೆಂದರೆ ಟೈರಿನಲ್ಲಿ ಗಾಳಿ ಇಲ್ಲ. ತೋರಿಸಲು ತೊಳೆದಿದ್ದರು ಅಷ್ಟೇ. ತಳ್ಳಿಕೊಂಡು ನಡೆದೆ. ಕಾಕು ಸೀಟಿನ ಮೇಲೆ ಕೈ ಇಟ್ಟು ಜೊತೆಗೆ ಬಂದಳು. ಮುಂದೆ ಹೇಳುವುದೇನೂ ಇಲ್ಲ.