ಬ್ರೇಕ್ ಮೇಷ್ಟ್ರು ಹೇಳದೇ ಉಳಿದ ಮಾತು

ಸೈಕಲ್ ರಿಪೇರಿಯವನಿಗೆ ಓಣಿಯವರು ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದು ಬ್ರೇಕು ಚೆನ್ನಾಗಿ ಕೂರಿಸುತ್ತಾನೆಂದಲ್ಲ. ಯಾರೇ ಹೊಸ ಸಾಮಾನು ತಂದರೂ ಅವರ ಉತ್ಸಾಹಕ್ಕೆ ಬ್ರೇಕು ಹಾಕುತ್ತಾನೆಂದು. ಮಡಚುವ ಹೆಲ್ಮೆಟ್ ತಂದವನಿಗೆ, "ತಲೇನೂ ಮಡಚಿ ಜೇಬಲ್ಲಿ ಇಟ್ಕೋತೀಯೇನಪ್ಪಾ?" ಎಂದಿದ್ದ. ಗಾಳಿಯೇ ಬೇಡದ ಟೈರನ್ನು ಒತ್ತಿ ನೋಡಿ, "ಇದು ಪಂಕ್ಚರ್ ಆಗಲ್ಲ, ನಿನ್ನ ಸೊಂಟ ಆಗತ್ತೆ" ಎಂದಿದ್ದ. ಅದೇನೂ ಸುಳ್ಳಲ್ಲ ಬಿಡಿ.

ಅವನ ಮಗಳು ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿಗೆ ಮಂಜಿನಲ್ಲೇ ಸೈಕಲ್ ತುಳಿಯಬೇಕಿತ್ತು. ಬಟ್ಟೆ ಹೊಲಿಯುವ ಹೆಂಡತಿ ತಿಂಗಳುಗಟ್ಟಲೆ ಕೂತು ಅವಳಿಗೊಂದು ಜಾಕೆಟ್ ಮಾಡಿದಳು. ಬೆನ್ನ ತುಂಬ ಪುಟ್ಟ ಕೆಂಪು ದೀಪಗಳು, ಒಳಜೇಬಿನಲ್ಲಿ ಬ್ಯಾಟರಿ ಡಬ್ಬಿ.

"ಹೇಗಿದೆ ಹೇಳ್ರೀ."

"ಮೆರವಣಿಗೆಗೆ ಹೊರಟ ಹಾಗಿದೆ." ಹೆಂಡತಿಯ ಮುಖ ಸಣ್ಣದಾಯಿತು.

ಸಂಜೆ ಯಾರಿಗೂ ಕಾಣದಂತೆ ಮೇಷ್ಟ್ರು ಅದನ್ನು ಅಂಗಡಿಗೆ ಒಯ್ದ. ನೀರು ಚಿಮುಕಿಸಿದ, ಕೊಡವಿದ, ರಸ್ತೆಯಾಚೆ ನಿಂತು ನೋಡಿದ. ಒಂದು ದೀಪವೂ ಆರಲಿಲ್ಲ. ಹೆಮ್ಮೆಯಾಯಿತು. ಅಂಗಡಿಯ ಎಲ್ಲ ದೀಪಗಳಿಗೂ ಮಾಡುವಂತೆ, ಸುಮ್ಮನೆ ಚಾರ್ಜು ಹೋಗದಿರಲೆಂದು, ಬ್ಯಾಟರಿಗೂ ಅದು ತಾಗುವ ತಗಡಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ ಮನೆಗೆ ತಂದು ಗೂಟಕ್ಕೆ ಹಾಕಿದ. ಊಟದಲ್ಲಿ, ಕಾಗದದ್ದೂ ಸೇರಿಸಿ, ಎಲ್ಲ ಹೇಳಿಬಿಡಬೇಕೆಂದಿದ್ದ. ಸೋತ ಹಾಗಾಗುತ್ತದಲ್ಲ ಎಂದು ಸುಮ್ಮನೆ ಉಂಡೆದ್ದ.

ಬೆಳಗ್ಗೆ ಅವನು ಏಳುವ ಮೊದಲೇ ಮಗಳು ಜಾಕೆಟ್ ತೊಟ್ಟು, ಸ್ವಿಚ್ ಒತ್ತಿ ಹೊರಟಳು. ತಾಯಿ ಒಳಗೆ ನೀರು ಕಾಯಿಸುತ್ತಿದ್ದಳು. ತನ್ನ ಬೆನ್ನು ತನಗೆ ಕಾಣುತ್ತದೆಯೇ? ಹಿಂದಿನಿಂದ ಬಂದ ಲಾರಿಯವನಿಗೂ ಕಾಣಲಿಲ್ಲ. ದೀಪವೇ ಇರಲಿಲ್ಲವೆಂದು ಅವನು ಅತ್ತು ಹೇಳಿದ.

ಆಸ್ಪತ್ರೆಯವರು ಮಗಳ ಹೆಣದ ಜೊತೆ ಕೊಟ್ಟ ಜಾಕೆಟ್ಟಿನ ಡಬ್ಬಿಯನ್ನು ಮೇಷ್ಟ್ರು ಒಬ್ಬನೇ ಬಿಚ್ಚಿ ನೋಡಿದ. ಕಾಗದ ಅಲ್ಲೇ ಇತ್ತು.

ಮೇಷ್ಟ್ರು ಮೊದಲೇ ಬೇಡ ಅಂದಿದ್ದರಂತೆ ಎಂದಿತು ಓಣಿ. ತಪ್ಪು ಜಾಕೆಟ್ಟಿನದೇ ಎಂದು ಹೆಂಡತಿಯೂ ನಂಬಿದಳು. "ನನ್ನ ಹೊಲಿಗೇನೇ ಕೈ ಕೊಡ್ತು ಕಣ್ರೀ. ತಂತಿ ಎಲ್ಲೋ ಕಿತ್ತಿರ್ಬೇಕು." ಹನ್ನೊಂದು ದಿನ ಮೇಷ್ಟ್ರು ಕಾಗದದ ಚೂರನ್ನು ಜೇಬಿನಲ್ಲಿಟ್ಟುಕೊಂಡು ಆ ಮಾತನ್ನು ಕೇಳಿಸಿಕೊಂಡ. ಹೇಡಿತನವೇ ಅದು, ಬೇರೆ ಹೆಸರಿಲ್ಲ.

ಹನ್ನೆರಡನೆಯ ದಿನ ಅವಳು ಹೊಲಿಗೆ ಮಷೀನನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಹೊರಗೆಳೆಯುತ್ತಿದ್ದಳು. ಮೇಷ್ಟ್ರು ಅಡ್ಡ ನಿಂತು, ಚೂರನ್ನು ಅವಳ ಅಂಗೈಯಲ್ಲಿಟ್ಟ.

"ನಿನ್ನ ಹೊಲಿಗೆ ಚೆನ್ನಾಗೇ ಇತ್ತು ಕಣೇ. ರಸ್ತೆ ಆಚೆಯಿಂದ್ಲೂ ಕಾಣ್ತಿತ್ತು. ಇದನ್ನ ಡಬ್ಬಿಲಿ ಇಟ್ಟೋನು ನಾನು."

ಅವಳು ಮಷೀನು ಬಿಟ್ಟು ಚೂರನ್ನು ಬೆಳಕಿಗೆ ಹಿಡಿದಳು.

"ಚೆನ್ನಾಗಿದೆ ಅಂತ," ಎಂದಳು, "ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ?"